ಒಂದೇ ದೀಪ, ಗಾಢ ನೆರಳು: ಮನೆಯ ಕೋಣೆಯಲ್ಲಿ ನಾಟಕೀಯ ಭಾವಚಿತ್ರ ತೆಗೆಯುವ ವಿಧಾನ

ಗಾಢ ನೆರಳಿನ ಗಂಭೀರ ಭಾವಚಿತ್ರ ತೆಗೆಯಲು ಎಷ್ಟು ದೀಪ ಬೇಕು ಎಂದು ಹಲವರು ಕೇಳುತ್ತಾರೆ. ಒಂದು ಸಾಕು. ಅದರ ಜೊತೆಗೆ ಒಂದಷ್ಟು ಮೀಟರ್ ಕಪ್ಪು ಬಟ್ಟೆ ಬೇಕು, ಬೆಳಕು ಎಲ್ಲಿ ಬೀಳಬಾರದು ಎಂಬ ನಿರ್ಧಾರ ಬೇಕು. ದೀಪ ಹಚ್ಚುವುದು ಸುಲಭ. ಹಚ್ಚಿದ ದೀಪದ ಬೆಳಕನ್ನು ಬೇಡದ ಕಡೆಯಿಂದ ಹೊರಗಿಡುವುದರಲ್ಲೇ ಈ ಕೆಲಸದ ಮುಕ್ಕಾಲು ಪಾಲು ಶ್ರಮ ಇದೆ.

ವಿವರಣೆಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 12 ಅಡಿ ಅಗಲ, 15 ಅಡಿ ಉದ್ದದ ಸಾಮಾನ್ಯ ಕೋಣೆ. ಎದುರಿಗೆ ಯಕ್ಷಗಾನದ ಒಬ್ಬ ಹಿರಿಯ ಮದ್ದಲೆಗಾರರು: ಕಂದು ಮೈಬಣ್ಣ, ನರೆತ ಗಡ್ಡ, ಆಳಕ್ಕಿಳಿದ ಕಣ್ಣು, ದಶಕಗಳ ಕಾಲ ಮದ್ದಲೆ ನುಡಿಸಿದ ಬೆರಳು. ಇಂಥ ಮುಖವನ್ನು ಪಾಸ್‌ಪೋರ್ಟ್ ಫೋಟೊದಂತೆ ಎರಡೂ ಬದಿಯಿಂದ ಬೆಳಗಿಸಿದರೆ ಆ ಮುಖದ ಬದುಕೇ ಅಳಿಸಿಹೋಗುತ್ತದೆ. ಅದನ್ನು ಉಳಿಸಿಕೊಳ್ಳುವ ಕ್ರಮವನ್ನು ಹಂತ ಹಂತವಾಗಿ ನೋಡೋಣ.

ಮೊದಲು ಕೋಣೆ, ಆಮೇಲೆ ಕ್ಯಾಮೆರಾ

ನಮ್ಮ ಮನೆಗಳ ಗೋಡೆ ಬಿಳಿ ಅಥವಾ ತಿಳಿ ಕೆನೆಬಣ್ಣ, ಸೂರು ಬಿಳಿ, ನೆಲಕ್ಕೆ ಹೊಳೆಯುವ ಟೈಲ್ಸ್. ನಮ್ಮ ದೀಪವಾದ ಫ್ಲ್ಯಾಶ್‌ನಿಂದ ಹೊರಟ ಬೆಳಕು ಮುಖಕ್ಕೆ ಮಾತ್ರ ಬೀಳದೆ ಎದುರಿನ ಗೋಡೆಗೆ, ಸೂರಿಗೆ, ನೆಲಕ್ಕೆ ಬಡಿದು ಹಿಂದಿರುಗಿ, ನೀವು ಕಪ್ಪಾಗಿಡಬೇಕೆಂದ ಕೆನ್ನೆಯ ಮೇಲೆಯೇ ಬಂದು ಕೂರುತ್ತದೆ. ದೀಪವನ್ನು ಎಷ್ಟೇ ಸರಿಯಾದ ಕೋನದಲ್ಲಿ ಇಟ್ಟರೂ ನೆರಳು ಬೂದು ಬಣ್ಣಕ್ಕೆ ತಿರುಗುವುದು ಈ ಕಾರಣಕ್ಕೆ. ದೊಡ್ಡ ಸ್ಟುಡಿಯೋಗಳಲ್ಲಿ ಗೋಡೆಗಳು ದೂರವಿರುವುದರಿಂದ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. 12 ಅಡಿ ಅಗಲದ ಕೋಣೆಯಲ್ಲಿ ಇದೇ ಮೊದಲ ಶತ್ರು.

ಆದ್ದರಿಂದ ದೀಪಕ್ಕೆ ಎದುರಾಗಿರುವ ಗೋಡೆಗೆ, ಅಂದರೆ ಮುಖದ ನೆರಳಿನ ಬದಿಯ ಗೋಡೆಗೆ ಕಪ್ಪು ಬಟ್ಟೆ ಇಳಿಬಿಡಿ. ಮಖಮಲ್ಲು ಸಿಕ್ಕರೆ ಒಳ್ಳೆಯದು, ಅದು ಬೆಳಕನ್ನು ಚೆನ್ನಾಗಿ ಹೀರುತ್ತದೆ. ತೆಳುವಾದ ಕಪ್ಪು ಹತ್ತಿ ಬಟ್ಟೆ ಚಿತ್ರದಲ್ಲಿ ಬೂದಾಗಿ ಕಾಣಬಹುದು, ಹೊಳಪಿನ ಸ್ಯಾಟಿನ್ ಅಂತೂ ಬೇಡವೇ ಬೇಡ. ನೆಲದ ಮೇಲೆ ಗಾಢ ಬಣ್ಣದ ಜಮಖಾನೆ ಹಾಸಿ. ಸೂರಿಗೆ ಬಟ್ಟೆ ಕಟ್ಟುವುದು ಕಷ್ಟ. ಅದಕ್ಕೆ ಬದಲಾಗಿ ಸಾಫ್ಟ್‌ಬಾಕ್ಸ್‌ನ (ಬೆಳಕನ್ನು ಮೃದುಗೊಳಿಸಲು ಫ್ಲ್ಯಾಶ್‌ಗೆ ತೊಡಿಸುವ ಬಟ್ಟೆಯ ಪೆಟ್ಟಿಗೆ) ಮುಂದೆ ಬಟ್ಟೆಯ ಗ್ರಿಡ್, ಅಂದರೆ ಚೌಕುಳಿ ಜಾಲರಿ, ಹಾಕಿದರೆ ಬೆಳಕು ಅಡ್ಡಾದಿಡ್ಡಿ ಹರಡದೆ ನೇರವಾಗಿ ಹೋಗುತ್ತದೆ. ಗ್ರಿಡ್ ಸ್ವಲ್ಪ ಬೆಳಕನ್ನು ನುಂಗುತ್ತದೆ, ಫ್ಲ್ಯಾಶ್‌ನ ಶಕ್ತಿಯನ್ನು ಅಷ್ಟು ಏರಿಸಿಕೊಂಡರಾಯಿತು. ಬಿಳಿ ಛತ್ರಿಯನ್ನು ಈ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಅದು ಕೋಣೆಯನ್ನೆಲ್ಲ ಬೆಳಗುತ್ತದೆ, ನಮಗೆ ಬೇಕಿರುವುದು ಮುಖದ ಅರ್ಧ ಮಾತ್ರ.

ಸಲಕರಣೆ

ಮ್ಯಾನ್ಯುಯಲ್ ಮೋಡ್ ಇರುವ ಯಾವುದೇ ಕ್ಯಾಮೆರಾ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಆದರೆ 85 ಎಂಎಂ ಲೆನ್ಸ್, ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್‌-ಸಿ ಆದರೆ 50 ಎಂಎಂ. ಒಂದು ಫ್ಲ್ಯಾಶ್, ಅದನ್ನು ದೂರದಿಂದ ಹೊಡೆಯುವ ಟ್ರಿಗರ್, ಸ್ಟ್ಯಾಂಡ್, ಸುಮಾರು 3 ಅಡಿ ವ್ಯಾಸದ ಸಾಫ್ಟ್‌ಬಾಕ್ಸ್ ಮತ್ತು ಗ್ರಿಡ್. ಬೆನ್ನಿಗೆ ಆಸರೆಯಿಲ್ಲದ ಒಂದು ಸ್ಟೂಲು: ಆಸರೆ ಇದ್ದರೆ ಕುಳಿತವರ ಭುಜ ಕುಸಿಯುತ್ತದೆ. ಹಿರಿಯರಿಗೆ ಬಹಳ ಹೊತ್ತು ಹಾಗೆ ಕೂರುವುದು ಕಷ್ಟ, ಹಾಗಾಗಿ ದೀಪ ಜೋಡಿಸುವಾಗ ಅವರನ್ನು ಕುರ್ಚಿಯಲ್ಲೇ ಇರಲು ಬಿಟ್ಟು ಆ ಸ್ಟೂಲಿನಲ್ಲಿ ಬೇರೊಬ್ಬರನ್ನು ಕೂರಿಸಿ.

ಎರಡು ದೊಡ್ಡ ಥರ್ಮೋಕೋಲ್ ಹಾಳೆಗಳನ್ನೂ ತನ್ನಿ. ಒಂದು ಬದಿಗೆ ಕಪ್ಪು ಬಣ್ಣ ಬಳಿಯಿರಿ, ಇನ್ನೊಂದು ಬದಿ ಬಿಳಿಯಾಗಿಯೇ ಇರಲಿ. ನೀರಿನಲ್ಲಿ ಕಲಸುವ ಬಣ್ಣವನ್ನೇ ಬಳಸಬೇಕು, ಸ್ಪ್ರೇ ಪೇಂಟ್ ಹೊಡೆದರೆ ಅದರಲ್ಲಿರುವ ದ್ರಾವಕಕ್ಕೆ ಥರ್ಮೋಕೋಲ್ ಕರಗಿ ತೂತುತೂತಾಗುತ್ತದೆ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಕಟ್ಟುವುದನ್ನು ಮರೆಯಬೇಡಿ. ಎತ್ತರದಲ್ಲಿರುವ ಸಾಫ್ಟ್‌ಬಾಕ್ಸ್ ಹಿರಿಯರೊಬ್ಬರ ತಲೆಯ ಪಕ್ಕದಲ್ಲೇ ಇರುತ್ತದೆ ಎಂಬುದು ಸದಾ ನೆನಪಿರಲಿ.

ಕತ್ತಲೆಯಿಂದ ಆರಂಭ

ಕ್ಯಾಮೆರಾವನ್ನು ಮ್ಯಾನ್ಯುಯಲ್ ಮೋಡ್‌ಗೆ ತನ್ನಿ. ಐಎಸ್‌ಒ 100, ಅಪರ್ಚರ್ ಎಫ್ 8, ಶಟರ್ ವೇಗ ಸೆಕೆಂಡಿನ 1/125. ವೈಟ್ ಬ್ಯಾಲೆನ್ಸ್ ಅನ್ನು ಆಟೊದಿಂದ ತೆಗೆದು ಫ್ಲ್ಯಾಶ್ ಗುರುತಿಗೆ ಅಥವಾ 5500 ಕೆಲ್ವಿನ್‌ಗೆ ಇಡಿ. ಫೈಲ್ ರಾ (RAW) ರೂಪದಲ್ಲಿರಲಿ. ಈಗ ಫ್ಲ್ಯಾಶ್ ಆರಿಸಿಯೇ ಒಂದು ಚಿತ್ರ ತೆಗೆಯಿರಿ. ಅದು ಸಂಪೂರ್ಣ ಕಪ್ಪಾಗಿ ಬರಬೇಕು. ಏನಾದರೂ ಕಂಡರೆ ಕಿಟಕಿಯಿಂದಲೋ ಟ್ಯೂಬ್‌ಲೈಟಿನಿಂದಲೋ ಬೆಳಕು ನುಸುಳುತ್ತಿದೆ ಎಂದರ್ಥ, ಅದನ್ನು ಮುಚ್ಚಿ ಮತ್ತೆ ಪರೀಕ್ಷಿಸಿ. ಚೌಕಟ್ಟು ಪೂರ್ತಿ ಕಪ್ಪಾದ ಮೇಲೆ ಚಿತ್ರದಲ್ಲಿ ಕಾಣುವ ಪ್ರತಿಯೊಂದು ಬೆಳಕಿನ ಗೆರೆಯೂ ನೀವೇ ಇಟ್ಟದ್ದಾಗಿರುತ್ತದೆ.

ಶಟರ್ ವೇಗವನ್ನು ಇನ್ನೂ ಏರಿಸುವ ಆಸೆಯಾದರೆ ನಿಮ್ಮ ಕ್ಯಾಮೆರಾದ ಫ್ಲ್ಯಾಶ್ ಸಿಂಕ್ ವೇಗ (ಫ್ಲ್ಯಾಶ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ) ನೋಡಿಕೊಳ್ಳಿ. ಅದನ್ನು ದಾಟಿದರೆ ಚಿತ್ರದ ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತದೆ.

ದೂರದ ಲೆಕ್ಕ

ಬೆಳಕಿನ ಮೂಲದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತನೇ ಒಂದಕ್ಕೆ. ಶಾಲೆಯಲ್ಲಿ ಓದಿದ ಈ ವಿಲೋಮ ವರ್ಗ ನಿಯಮವೇ ಗಾಢ ಭಾವಚಿತ್ರದ ಬೆನ್ನೆಲುಬು. ದೀಪ ಮುಖದಿಂದ 6 ಅಡಿ, ಹಿನ್ನೆಲೆ ದೀಪದಿಂದ 12 ಅಡಿ ದೂರವಿದ್ದರೆ ಹಿನ್ನೆಲೆಗೆ ಎರಡು ಸ್ಟಾಪ್ ಕಡಿಮೆ ಬೆಳಕು ಸಿಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ತಿಳಿಬಣ್ಣದ ಗೋಡೆ ಆಗಲೂ ಎದ್ದು ಕಾಣುತ್ತದೆ. ಅದೇ ದೀಪವನ್ನು ಮುಖಕ್ಕೆ 3 ಅಡಿ ಹತ್ತಿರ ತಂದು, ಹಿನ್ನೆಲೆ ದೀಪದಿಂದ 9 ಅಡಿ ಇರುವಂತೆ ಮಾಡಿದರೆ ವ್ಯತ್ಯಾಸ ಮೂರು ಸ್ಟಾಪ್ ಮೀರುತ್ತದೆ. ಬೂದು ಬಣ್ಣದ ಹಿನ್ನೆಲೆ ಬಹುತೇಕ ಕಪ್ಪಾಗುತ್ತದೆ. ಸಾಫ್ಟ್‌ಬಾಕ್ಸ್ ತೀರಾ ಹತ್ತಿರವಿದ್ದಾಗ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ಆದರೆ ದಿಕ್ಕು ಇದೇ.

ಹತ್ತಿರದ ದೀಪಕ್ಕೆ ಇನ್ನೊಂದು ಗುಣವಿದೆ. ಅದು ಮುಖದ ಮೇಲೆಯೇ ಏರಿಳಿತ ಹುಟ್ಟಿಸುತ್ತದೆ. ಹತ್ತಿರದ ಕೆನ್ನೆಯಿಂದ ದೂರದ ಕಿವಿಗೆ, ಹಣೆಯಿಂದ ಎದೆಗೆ ಬೆಳಕು ಬೇಗ ಕುಂದುತ್ತದೆ. ಜೊತೆಗೆ ದೀಪ ಹತ್ತಿರ ಬಂದಷ್ಟೂ ಮುಖದ ಪಾಲಿಗೆ ಅದು ದೊಡ್ಡದಾಗುವುದರಿಂದ ನೆರಳಿನ ಅಂಚು ಮೃದುವಾಗುತ್ತದೆ. ನೆರಳು ಗಾಢವಾಗಿದ್ದರೂ ಅಂಚು ಮೃದುವಾಗಿರುವುದೇ ಈ ಬಗೆಯ ಚಿತ್ರಗಳ ಸೊಗಸು. ದೀಪ ಚೌಕಟ್ಟಿನೊಳಗೆ ಕಾಣುವಷ್ಟು ಹತ್ತಿರ ತಂದು, ಆಮೇಲೆ ಒಂದಿಷ್ಟೇ ಹಿಂದಕ್ಕೆ ಸರಿಸಿ.

ನಮ್ಮ ಕೋಣೆಯಲ್ಲಿ ಹಿನ್ನೆಲೆಯಿಂದ 6 ಅಡಿ ಮುಂದೆ ಸ್ಟೂಲು, ಅಲ್ಲಿಂದ 6–7 ಅಡಿಗೆ ಕ್ಯಾಮೆರಾ. 15 ಅಡಿಯೊಳಗೆ ಎಲ್ಲವೂ ಹಿಡಿಯುತ್ತದೆ. ಹಿನ್ನೆಲೆಗೆ ಕಡುಬೂದು ಬಣ್ಣದ ಕಾಗದ ಅಥವಾ ಬಟ್ಟೆ ನನ್ನ ಆಯ್ಕೆ. ಕಪ್ಪು ಹಿನ್ನೆಲೆ ಕಪ್ಪಾಗಿಯೇ ಉಳಿಯುತ್ತದೆ. ಕಡುಬೂದನ್ನು ಬೇಕೆಂದಾಗ ಕಪ್ಪಾಗಿಸಬಹುದು, ಬೇಕೆಂದಾಗ ತುಸು ಬೆಳಕು ತೋರಿ ಆಳ ಮೂಡಿಸಬಹುದು.

ದೀಪದ ಜಾಗ

ಡಚ್ ಚಿತ್ರಕಾರ ರೆಂಬ್ರಾಂಟ್ (1606–1669) ಬರೆದ ಅನೇಕ ಭಾವಚಿತ್ರಗಳಲ್ಲಿ ಬೆಳಕು ಒಂದು ಬದಿಯಿಂದ, ತುಸು ಮೇಲಿನಿಂದ ಬೀಳುತ್ತದೆ. ನೆರಳಿನ ಬದಿಯ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಒಂದು ಸಣ್ಣ ಬೆಳಕಿನ ತ್ರಿಕೋನ ಉಳಿಯುತ್ತದೆ. ಸ್ಟುಡಿಯೋಗಳಲ್ಲಿ ಇಂದಿಗೂ ಅವನ ಹೆಸರಿನಿಂದಲೇ ಕರೆಯುವ ಈ ಜೋಡಣೆಯಿಂದ ಶುರುಮಾಡಿ. ಕುಳಿತವರ ಮೂಗಿನ ನೇರದಿಂದ ಸುಮಾರು 45 ಡಿಗ್ರಿ ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಮೇಲೆ ದೀಪವಿಟ್ಟು, ಮೂಗಿನ ನೆರಳು ಕೆನ್ನೆಯ ನೆರಳನ್ನು ಮುಟ್ಟುವವರೆಗೆ ನಿಧಾನವಾಗಿ ಪಕ್ಕಕ್ಕೆ ಸರಿಸಿ. ಫ್ಲ್ಯಾಶ್‌ನಲ್ಲಿ ಸದಾ ಉರಿಯುವ ಮಾಡೆಲಿಂಗ್ ಲ್ಯಾಂಪ್ ಇದ್ದರೆ ಇದು ಕಣ್ಣಿಗೇ ಕಾಣುತ್ತದೆ. ಇಲ್ಲದಿದ್ದರೆ ಒಬ್ಬರು ಮೊಬೈಲ್ ಟಾರ್ಚನ್ನು ಸಾಫ್ಟ್‌ಬಾಕ್ಸ್ ಇರುವ ಜಾಗದಲ್ಲಿ ಹಿಡಿದು ನಿಲ್ಲಲಿ, ನೆರಳಿನ ದಿಕ್ಕು ಗೊತ್ತಾಗುತ್ತದೆ.

ಇಲ್ಲಿ ಎರಡು ಸಂಗತಿಗಳಿಗೆ ಹೆಚ್ಚಿನ ಗಮನ ಕೊಡಬೇಕು. ಒಂದು, ಮುಖ ಕ್ಯಾಮೆರಾದಿಂದ ತುಸು ತಿರುಗಿದಾಗ ಒಂದು ಕೆನ್ನೆ ಅಗಲವಾಗಿ, ಇನ್ನೊಂದು ಕಿರಿದಾಗಿ ಕಾಣುತ್ತದೆ. ಕಿರಿದಾಗಿ ಕಾಣುವ ಬದಿಗೆ ಬೆಳಕು ಕೊಡಿ. ಆಗ ಅಗಲದ ಕೆನ್ನೆ ನೆರಳಿನಲ್ಲಿ ಕ್ಯಾಮೆರಾದ ಕಡೆಗೆ ಬರುತ್ತದೆ, ಮೂಳೆಯ ಕಟ್ಟು ಸ್ಪಷ್ಟವಾಗುತ್ತದೆ, ಮುಖಕ್ಕೆ ತೂಕ ಬರುತ್ತದೆ. ಅಗಲದ ಬದಿಗೆ ಬೆಳಕು ಬಿದ್ದರೆ ಚಿತ್ರ ಸಪ್ಪೆ.

ಇನ್ನೊಂದು, ಕಣ್ಣು. ವಯಸ್ಸಾದವರ ಹುಬ್ಬಿನ ಎಲುಬು ಮುಂದೆ ಚಾಚಿ ಕಣ್ಣು ಆಳದಲ್ಲಿರುತ್ತದೆ. ದೀಪ ತೀರಾ ಮೇಲಿದ್ದರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿಗಳಷ್ಟೇ ಉಳಿಯುತ್ತವೆ. ಕಣ್ಣಿನ ಗುಡ್ಡೆಯಲ್ಲಿ ಸಾಫ್ಟ್‌ಬಾಕ್ಸ್‌ನ ಪ್ರತಿಬಿಂಬದ ಒಂದು ಹೊಳಪು, ಗಡಿಯಾರದ ಹತ್ತು ಅಥವಾ ಎರಡರ ಜಾಗದಲ್ಲಿ, ಕಾಣಿಸುವವರೆಗೆ ದೀಪ ಇಳಿಸಿ. ದೀಪದ ಹತ್ತಿರದ ಕಣ್ಣಿನಲ್ಲಾದರೂ ಆ ಹೊಳಪು ಇರಲೇಬೇಕು. ಕನ್ನಡಕ ಹಾಕುವವರಾದರೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ತುಸು ಎತ್ತಿ ಇರಿಸಿ. ಗಾಜು ಕೆಳಮುಖವಾಗಿ ಬಾಗಿ ದೀಪದ ಪ್ರತಿಫಲನ ತಪ್ಪುತ್ತದೆ. ಕನ್ನಡಕವನ್ನು ತೆಗೆಸಲು ಮಾತ್ರ ಹೋಗಬೇಡಿ. ದಿನವೂ ಧರಿಸುವವರ ಮುಖದಲ್ಲಿ ಅದೂ ಒಂದು ಅಂಗ.

ಕೋನ ಕೂಡಿಬಂದ ಮೇಲೆ ಸಾಫ್ಟ್‌ಬಾಕ್ಸ್‌ನ ನಡುಭಾಗವನ್ನು ಮುಖದಿಂದ ಸ್ವಲ್ಪ ಮುಂದಕ್ಕೆ, ಕ್ಯಾಮೆರಾ ಮತ್ತು ಕುಳಿತವರ ನಡುವಿನ ಖಾಲಿ ಜಾಗದ ಕಡೆಗೆ ತಿರುಗಿಸಿ. ಬೆಳಕಿನ ಅಂಚು ಮಾತ್ರ ಮುಖಕ್ಕೆ ತಾಗುತ್ತದೆ. ಹಣೆ, ಮೂಗಿನ ಮೇಲಿನ ಅತಿಯಾದ ಹೊಳಪು ಇಳಿಯುತ್ತದೆ, ಹಿನ್ನೆಲೆಗೂ ಬೆಳಕು ಇನ್ನಷ್ಟು ಕಡಿಮೆಯಾಗುತ್ತದೆ.

ಕಂದು ಮೈಬಣ್ಣಕ್ಕೆ ಸರಿಯಾದ ಬೆಳಕು

ಈ ವಿಷಯದಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ. ನಮ್ಮಲ್ಲಿ ಭಾವಚಿತ್ರ ಎಂದರೆ ಮುಖ ಬೆಳ್ಳಗೆ ಬರಬೇಕು ಎಂಬ ಒತ್ತಾಯ ಬಹಳ ಕಾಲದಿಂದ ಇದೆ. ಬೆಳಕು ಹೆಚ್ಚು ಹೊಡೆದು, ಆಮೇಲೆ ಕಂಪ್ಯೂಟರಿನಲ್ಲಿ ಚರ್ಮ ತಿಳಿಗೊಳಿಸಿ, ಕೊನೆಗೆ ಮನೆಯವರೇ ಗುರುತಿಸದ ಮುಖವನ್ನು ಚೌಕಟ್ಟು ಹಾಕಿಸಿ ಕೊಡುವುದು ಆ ವ್ಯಕ್ತಿಗೆ ಮಾಡುವ ಅನ್ಯಾಯ. ಕಂದು ಮತ್ತು ಕಪ್ಪು ಮೈಬಣ್ಣ ಈ ಬಗೆಯ ಬೆಳಕಿಗೆ ಹೇಳಿ ಮಾಡಿಸಿದ್ದು. ಅದರ ಮೇಲಿನ ಹೊಳಪು ಸ್ಪಷ್ಟವಾಗಿ ಎದ್ದು ಕಾಣುವುದರಿಂದ ಕೆನ್ನೆಯ ಮೂಳೆ, ಹಣೆಯ ಗೆರೆ, ಕುತ್ತಿಗೆಯ ನರಗಳು ಎಲ್ಲಕ್ಕೂ ಆಕಾರ ಬರುತ್ತದೆ.

ಆದ್ದರಿಂದ ಮುಖಕ್ಕೆ ದಪ್ಪ ಪೌಡರ್ ಹಚ್ಚಬೇಡಿ. ಮೂಗಿನ ತುದಿ ಮತ್ತು ಹಣೆಯ ಬೆವರನ್ನು ಕರವಸ್ತ್ರದಿಂದ ಒತ್ತಿ ತೆಗೆದರೆ ಸಾಕು. ಸಣ್ಣ ದೀಪ ಚರ್ಮದ ಮೇಲೆ ಚುಕ್ಕೆಚುಕ್ಕೆ ಹೊಳಪು ಕೊಡುತ್ತದೆ, ದೊಡ್ಡ ಸಾಫ್ಟ್‌ಬಾಕ್ಸ್ ಹತ್ತಿರವಿದ್ದರೆ ಆ ಹೊಳಪು ಹರಡಿ ಚರ್ಮದ ನಿಜವಾದ ಬಣ್ಣ ಉಳಿಯುತ್ತದೆ.

ಎಕ್ಸ್‌ಪೋಷರ್ ಅಳೆಯಲು ಕ್ಯಾಮೆರಾದೊಳಗಿನ ಮೀಟರನ್ನು ಇಲ್ಲಿ ನಂಬುವಂತಿಲ್ಲ. ಅದು ನೋಡಿದ್ದನ್ನೆಲ್ಲ ನಡುಬೂದು ಮಾಡಲು ಹೊರಡುತ್ತದೆ. ಚೌಕಟ್ಟಿನ ಬಹುಭಾಗ ಕಪ್ಪಿರುವಾಗ ಮುಖವನ್ನು ಸುಟ್ಟುಬಿಡುತ್ತದೆ. ಫ್ಲ್ಯಾಶ್ ಮೀಟರ್ ಇದ್ದರೆ ಗದ್ದದ ಬಳಿ ದೀಪದ ಕಡೆಗೆ ಹಿಡಿದು ಅಳೆಯಿರಿ. ಇಲ್ಲದಿದ್ದರೆ ಕ್ಯಾಮೆರಾ ಪರದೆಯಲ್ಲಿ ಅತಿಬೆಳಕಿನ ಎಚ್ಚರಿಕೆ ಮಿನುಗುವ ಸೌಲಭ್ಯವನ್ನು ಚಾಲೂ ಮಾಡಿ, ಹಣೆಯ ಹೊಳಪು ಮಿನುಗುವವರೆಗೆ ಫ್ಲ್ಯಾಶ್ ಶಕ್ತಿ ಏರಿಸಿ, ಅಲ್ಲಿಂದ ಒಂದು ಸ್ಟಾಪ್ ಇಳಿಸಿ. ಕಂದು ಮುಖಕ್ಕೆ ಬಹುತೇಕ ಸಲ ಅಲ್ಲೇ ಸರಿಯಾದ ಬಿಂದು ಸಿಗುತ್ತದೆ. ಹಿಸ್ಟೋಗ್ರಾಮ್ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರುವ ನಕ್ಷೆ) ಎಡಕ್ಕೆ, ಕಪ್ಪಿನ ಕಡೆಗೆ, ಒತ್ತಿಕೊಂಡಿದ್ದರೆ ಗಾಬರಿಯಾಗಬೇಡಿ, ಇಂಥ ಚಿತ್ರದಲ್ಲಿ ಅದು ಹಾಗೆಯೇ ಇರಬೇಕು. ಪರದೆಯ ಹೊಳಪನ್ನು ಮಾತ್ರ ಮೊದಲೇ ತಗ್ಗಿಸಿಕೊಳ್ಳಿ. ಕತ್ತಲೆ ಕೋಣೆಯಲ್ಲಿ ಉಜ್ವಲ ಪರದೆ ನೋಡಿದರೆ ಚಿತ್ರ ಇರುವುದಕ್ಕಿಂತ ಬೆಳಕಾಗಿದೆ ಎಂದು ಭ್ರಮೆಯಾಗುತ್ತದೆ.

ನೆರಳನ್ನು ಏರಿಸುವುದು, ಇಳಿಸುವುದು

ಈಗ ಥರ್ಮೋಕೋಲ್ ಕೆಲಸಕ್ಕೆ ಬರುತ್ತದೆ. ನೆರಳಿನ ಕೆನ್ನೆಯಿಂದ ಎರಡು ಅಡಿ ದೂರಕ್ಕೆ, ಚೌಕಟ್ಟಿನ ಹೊರಗೆ, ಕಪ್ಪು ಬದಿ ಮುಖ ಮಾಡಿ ನಿಲ್ಲಿಸಿ ಒಂದು ಚಿತ್ರ ತೆಗೆಯಿರಿ. ತಿರುಗಿಸಿ ಬಿಳಿ ಬದಿ ಇಟ್ಟು ಇನ್ನೊಂದು. ಎರಡನ್ನೂ ಅಕ್ಕಪಕ್ಕ ನೋಡಿದರೆ ಒಂದೇ ದೀಪದಲ್ಲಿ ಎಷ್ಟು ದೂರದವರೆಗೆ ಭಾವ ಬದಲಿಸಬಹುದೆಂದು ತಿಳಿಯುತ್ತದೆ. ಪೂರ್ತಿ ಕಪ್ಪು ಬೇಡ, ಕಿವಿಯ ಗೆರೆಯಾದರೂ ಕಾಣಲಿ ಎಂದಿದ್ದರೆ ಬಿಳಿ ಹಾಳೆಯನ್ನು ದೂರ ಸರಿಸುತ್ತಾ ಹೋಗಿ. ಬೆಳಕಿನ ಕೆನ್ನೆಗೂ ನೆರಳಿನ ಕೆನ್ನೆಗೂ ಮೂರು ಸ್ಟಾಪ್ ಅಂತರ, ಅಂದರೆ ಎಂಟು ಪಟ್ಟು, ನನಗೆ ಇಷ್ಟವಾದ ಮಟ್ಟ.

ಬಿಳಿ ಪಂಚೆ, ಬಿಳಿ ಜುಬ್ಬ ಉಟ್ಟು ಬಂದ ಮದ್ದಲೆಗಾರರ ವಿಷಯದಲ್ಲಿ ಇನ್ನೊಂದು ಕೆಲಸವಿದೆ. ಗಾಢ ಚಿತ್ರದಲ್ಲಿ ಬಿಳಿ ಬಟ್ಟೆ ಮುಖಕ್ಕಿಂತ ಮೊದಲು ಕಣ್ಣನ್ನು ಸೆಳೆಯುತ್ತದೆ. ಬಟ್ಟೆ ಬದಲಿಸಿ ಎನ್ನುವುದಕ್ಕಿಂತ, ದೀಪ ಮತ್ತು ಎದೆಯ ನಡುವೆ ಕಪ್ಪು ರಟ್ಟಿನ ತುಂಡೊಂದನ್ನು ಅಡ್ಡ ಹಿಡಿದು ಕುತ್ತಿಗೆಯಿಂದ ಕೆಳಗೆ ಬೆಳಕು ತಗ್ಗಿಸಿ. ರಟ್ಟು ದೀಪಕ್ಕೆ ಹತ್ತಿರವಿದ್ದಷ್ಟೂ ಅದರ ನೆರಳಿನ ಅಂಚು ಮೃದುವಾಗಿರುತ್ತದೆ. ಕಡುಗೆಂಪು ಶಾಲನ್ನು ಹೊದ್ದುಕೊಂಡರೂ ಸರಿಯೇ. ಜರಿ ಅಂಚಿದ್ದರೆ ಅದನ್ನು ಒಳಕ್ಕೆ ಮಡಚಿ.

ಎರಡನೆಯ ದೀಪ ಬೇಕಾಗುವುದು ಅಪರೂಪಕ್ಕೆ: ಕಪ್ಪು ಕೂದಲು ಕಪ್ಪು ಹಿನ್ನೆಲೆಯಲ್ಲಿ ಪೂರ್ತಿ ಕರಗಿಹೋಗುತ್ತಿದ್ದರೆ. ಹಿಂದಿನಿಂದ, ಕಿರಿದಾದ ಜೇನುಗೂಡು ಗ್ರಿಡ್ ಹಾಕಿದ ಸಣ್ಣ ಫ್ಲ್ಯಾಶ್ ಒಂದನ್ನು, ಮುಖ್ಯ ದೀಪಕ್ಕಿಂತ ಒಂದೆರಡು ಸ್ಟಾಪ್ ಕಡಿಮೆ ಶಕ್ತಿಯಲ್ಲಿ, ಭುಜ ಮತ್ತು ಕೂದಲಿನ ಅಂಚಿಗೆ ಬಿಡಿ. ನಮ್ಮ ಮದ್ದಲೆಗಾರರದು ನರೆತ ಕೂದಲು, ತಾನಾಗಿಯೇ ಬೇರ್ಪಟ್ಟು ನಿಲ್ಲುತ್ತದೆ.

ಕಡಿಮೆ ಸಾಧನದಲ್ಲಿ ಎಷ್ಟು ಸಾಧ್ಯ ಎಂಬುದಕ್ಕೆ ಮೈಸೂರಿನ ವಿ.ಕೆ. ಮೂರ್ತಿಯವರ ಕೆಲಸ ನೋಡಬೇಕು. ಹಿಂದಿ ಸಿನಿಮಾ ನಿರ್ದೇಶಕ ಗುರುದತ್ತರ ಚಿತ್ರಗಳ ಛಾಯಾಗ್ರಾಹಕರಾಗಿದ್ದ ಅವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಪ್ರಸಿದ್ಧ ಬೆಳಕಿನ ಕೋಲನ್ನು ಮೂಡಿಸಿದ್ದು ಕನ್ನಡಿಗಳಿಂದ. ಹೊರಗಿನ ಬಿಸಿಲನ್ನು ಕನ್ನಡಿಯಿಂದ ಕನ್ನಡಿಗೆ ಹಾಯಿಸಿ ಕತ್ತಲೆ ತುಂಬಿದ ಸ್ಟುಡಿಯೋದೊಳಕ್ಕೆ ತಂದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಫ್ಲ್ಯಾಶ್ ಇಲ್ಲ ಎಂದು ಕೈಕಟ್ಟಿ ಕೂರಬೇಕಿಲ್ಲ ಎನ್ನಲು ಇದನ್ನು ನೆನೆದೆ. ನೇರ ಬಿಸಿಲು ಬೀಳದ ಒಂದು ಕಿಟಕಿಯನ್ನು ಬಿಟ್ಟು ಉಳಿದೆಲ್ಲವನ್ನೂ ಮುಚ್ಚಿ, ಆ ಕಿಟಕಿಯನ್ನೂ ಕಪ್ಪು ಬಟ್ಟೆಯಿಂದ ಎರಡು ಅಡಿಗೆ ಕಿರಿದಾಗಿಸಿ, ಮೇಲೆ ಹೇಳಿದ ದೂರ ಮತ್ತು ಕೋನಗಳನ್ನೇ ಅನುಸರಿಸಿ. ಟ್ರೈಪಾಡ್ ಬೇಕಾಗುತ್ತದೆ. ಎಲ್‌ಇಡಿ ದೀಪ ಬಳಸುವವರು ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟುಕೊಳ್ಳಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಅಗ್ಗದ ದೀಪಗಳ ಮಿಡಿತ ಚಿತ್ರದಲ್ಲಿ ಪಟ್ಟೆಗಳಾಗಿ ಕಾಣುವುದು ಇದರಿಂದ ತಪ್ಪುತ್ತದೆ.

ಕೈಗಳು, ಮುಖ, ಕ್ಷಣ

ಕೆನಡಾದ ಭಾವಚಿತ್ರಕಾರ ಯೂಸುಫ್ ಕಾರ್ಶ್ ಕೈಗಳಿಗೆ ಪ್ರತ್ಯೇಕವಾಗಿ ಬೆಳಕು ಕೊಡುತ್ತಿದ್ದರು. ಮದ್ದಲೆಗಾರರ ಚಿತ್ರಕ್ಕೆ ಇದು ಇನ್ನಷ್ಟು ಸಲ್ಲುತ್ತದೆ. ಮದ್ದಲೆಯನ್ನು ತೊಡೆಯ ಮೇಲೆ ಅಡ್ಡ ಇರಿಸಿ, ದೀಪದ ಬದಿಯ ಕೈಯನ್ನು ಮುಚ್ಚಿಗೆಯ (ಮದ್ದಲೆಯ ಚರ್ಮದ ಬಾಯಿ) ಮೇಲಿಡಲು ಕೇಳಿ. ಎದೆಗೆ ಅಡ್ಡ ಹಿಡಿದ ಕಪ್ಪು ರಟ್ಟಿನ ಕೆಳಗಿನಿಂದ ಒಂದಿಷ್ಟು ಬೆಳಕು ಬೆರಳುಗಳಿಗೆ ಇಳಿಯುವಂತೆ ಬಿಡಿ. ಕೈ ಮುಖಕ್ಕಿಂತ ಒಂದು ಸ್ಟಾಪ್ ಮಂಕಾಗಿರಲಿ. ಕೈಯ ಹಿಂಬದಿ ಅಗಲವಾಗಿ ಕ್ಯಾಮೆರಾದ ಕಡೆ ತಿರುಗಿದರೆ ಒಡ್ಡಾಗಿ ಕಾಣುತ್ತದೆ, ಅಂಚು ತೋರುವಂತೆ ತುಸು ತಿರುಗಿಸಿ.

ಭುಜ ದೀಪದಿಂದ ಆಚೆಗೆ, ಮುಖ ದೀಪದ ಕಡೆಗೆ. ಗದ್ದ ತುಸು ಮುಂದಕ್ಕೆ ಮತ್ತು ಕೆಳಕ್ಕೆ. ಫೋಕಸ್ ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿನ ಮೇಲೆ. ಇಷ್ಟು ಹೇಳಿ ಸೂಚನೆ ಕೊಡುವುದನ್ನು ನಿಲ್ಲಿಸಿ. ‘ಗಂಭೀರವಾಗಿರಿ’ ಎಂದರೆ ಯಾರ ಮುಖವೂ ಗಂಭೀರವಾಗುವುದಿಲ್ಲ, ಸೆಟೆದುಕೊಳ್ಳುತ್ತದೆ ಅಷ್ಟೇ. ಅವರು ಬಲ್ಲ ಕೆಲಸದ ಬಗ್ಗೆ ಕೇಳಿ. ಬಾಯಿತಾಳ, ಅಂದರೆ ಮದ್ದಲೆಯ ನುಡಿಗಳನ್ನು ಬಾಯಲ್ಲೇ, ಹೇಳಲು ವಿನಂತಿಸಿ. ಹೇಳುವಾಗ ಚಿತ್ರ ತೆಗೆಯುವ ಅವಸರ ಬೇಡ, ಬಾಯಿ ಅರ್ಧ ತೆರೆದಿರುತ್ತದೆ. ಕೊನೆಯ ನುಡಿಗಳಾದ ಮುಕ್ತಾಯ ಮುಗಿದು ಉಸಿರು ಬಿಟ್ಟ ಆ ಒಂದೆರಡು ಕ್ಷಣ ಮುಖ ತನ್ನಷ್ಟಕ್ಕೆ ತಾನಿರುತ್ತದೆ, ಮನಸ್ಸು ಇನ್ನೂ ತಾಳದಲ್ಲೇ ಇರುತ್ತದೆ. ಆಗ ಒತ್ತಿ. ಫ್ಲ್ಯಾಶ್ ಮತ್ತೆ ತುಂಬಿಕೊಳ್ಳಲು ಸಮಯ ಬೇಕಾಗುವುದರಿಂದ ಪಟಪಟನೆ ಹತ್ತು ಚಿತ್ರ ಹೊಡೆಯಲಾಗದು, ಆ ನಿಧಾನ ಇಬ್ಬರಿಗೂ ಒಳ್ಳೆಯದು.

ಕಂಪ್ಯೂಟರಿನಲ್ಲಿ ಮತ್ತು ಕಾಗದದ ಮೇಲೆ

ಮೇಲಿನ ಹಂತಗಳನ್ನು ಸರಿಯಾಗಿ ಮಾಡಿದ್ದರೆ ಇಲ್ಲಿ ಕೆಲಸ ಕಡಿಮೆ. ನೆರಳನ್ನು ಎತ್ತುವ ಸ್ಲೈಡರ್ ಮುಟ್ಟಬೇಡಿ. ಕಣ್ಣಿನ ಬಿಳಿಭಾಗವನ್ನು ಬೆಳ್ಳಗಾಗಿಸಬೇಡಿ, ಸುಕ್ಕು ಅಳಿಸಬೇಡಿ. ಬ್ರಷ್‌ನಿಂದ ಕಿವಿ, ಭುಜ, ಬಟ್ಟೆಯನ್ನು ತುಸು ಮಂಕಾಗಿಸಿ, ದೀಪದ ಬದಿಯ ಕಣ್ಣು ಮತ್ತು ಕೆನ್ನೆಯ ಮೂಳೆಯನ್ನು ಕೂದಲೆಳೆಯಷ್ಟು ಎತ್ತಿ.

ಕಪ್ಪು-ಬಿಳುಪಿಗೆ ಬದಲಿಸುವುದಾದರೆ ಬಣ್ಣದ ಚಾನೆಲ್‌ಗಳ ಆಯ್ಕೆ ಮುಖ್ಯ. ಕೆಂಪು ಮತ್ತು ಕಿತ್ತಳೆಯನ್ನು ಏರಿಸಿದರೆ ನಮ್ಮ ಚರ್ಮ ತಿಳಿಯಾಗಿ, ನುಣುಪಾಗಿ, ಕಲೆಗಳಿಲ್ಲದೆ ಕಾಣುತ್ತದೆ. ಅವುಗಳನ್ನು ಇಳಿಸಿದರೆ ಚರ್ಮ ಗಾಢವಾಗಿ ಪ್ರತಿ ಗೆರೆಯೂ ಎದ್ದು ಬರುತ್ತದೆ. ಮದ್ದಲೆಗಾರರಿಗೆ ನಾನು ಎರಡನೆಯದನ್ನು ಆರಿಸುತ್ತೇನೆ, ಅತಿಯಾಗದಂತೆ.

ಮುದ್ರಣ ಪರದೆಗಿಂತ ಮಂಕಾಗಿಯೇ ಬರುತ್ತದೆ. ಆದ್ದರಿಂದ ದೊಡ್ಡ ಅಳತೆಗೆ ಕೊಡುವ ಮೊದಲು ಅದೇ ಲ್ಯಾಬಿನಲ್ಲಿ, ಅದೇ ಕಾಗದದ ಮೇಲೆ, ಮೂರು ಬೇರೆ ಬೇರೆ ಹೊಳಪಿನ ಸಣ್ಣ ಪ್ರತಿಗಳನ್ನು ತೆಗೆಸಿ. ಲಸ್ಟರ್ ಅಥವಾ ಗ್ಲಾಸಿ ಕಾಗದದಲ್ಲಿ ಕಪ್ಪು ಆಳವಾಗಿ ನಿಲ್ಲುತ್ತದೆ, ಮ್ಯಾಟ್ ಕಾಗದದಲ್ಲಿ ಬೂದಿನ ಕಡೆಗೆ ಜಾರುತ್ತದೆ. ಆ ಪ್ರತಿಗಳನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ತೀರ್ಮಾನಿಸಬೇಡಿ. ಚಿತ್ರ ತೂಗುಹಾಕುವ ಗೋಡೆಯ ಬಳಿಗೆ ಒಯ್ದು, ಹಗಲಿನಲ್ಲೊಮ್ಮೆ ಮತ್ತು ರಾತ್ರಿ ಮನೆಯ ದೀಪದಲ್ಲೊಮ್ಮೆ ನೋಡಿ, ನೆರಳಿನ ಬದಿಯ ಕಿವಿಯ ಗೆರೆ ಎರಡೂ ಹೊತ್ತಿನಲ್ಲಿ ಕಾಣುವ ಪ್ರತಿಯನ್ನು ಆರಿಸಿಕೊಳ್ಳಿ.